ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) 4 ಬಂದಿದೆ, ಹೆಪಟೈಟಿಸ್ ಬಿ ಲಸಿಕೆ ಮತ್ತೆ ಮೊದಲಿಂದ ತಗೋಬೇಕಾ?

ಪ್ರಶ್ನೆ:
ಹುಟ್ಟಿದ ವರ್ಷದಲ್ಲೇ ಮೂರೂ ಡೋಸ್ ಆಗಿದೆ, ಕಾರ್ಡ್ ಇದೆ. ವಾರ್ಡ್ ಪೋಸ್ಟಿಂಗ್‌ಗೆ ಮುಂಚೆ ಆಂಟಿ-ಎಚ್‌ಬಿಎಸ್ (ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯ ಅಳೆಯುವ ರಕ್ತ ಪರೀಕ್ಷೆ) ಮಾಡಿಸಿದರೆ 4 ಬಂತು. 10 ಇರಬೇಕಂತೆ. ರಕ್ಷಣೆ ಇಲ್ಲ ಅಂತಲೇ ಅರ್ಥವಾ? ಮೂರು ಡೋಸ್ ಮತ್ತೆ ಬೇಕಾ?

ಉತ್ತರ 1:
ಹಾಗೆ ಅರ್ಥವಲ್ಲ. ಶೈಶವದಲ್ಲಿ ಲಸಿಕೆ ಆದವರಲ್ಲಿ ಹದಿನೆಂಟು ಇಪ್ಪತ್ತರ ವಯಸ್ಸಿಗೆ ಟೈಟರ್ 10ಕ್ಕಿಂತ ಕೆಳಗಿಳಿಯುವುದು ತೀರಾ ಸಾಮಾನ್ಯ. ಪ್ರತಿಕಾಯ ಕರಗಿದರೂ ವೈರಸ್ಸನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಬಿ ಕೋಶಗಳು ಉಳಿದಿರುತ್ತವೆ. ಆದರೆ ಆಗ ದೇಹ ಸ್ಪಂದಿಸಿತ್ತೋ, ಮೊದಲಿಂದಲೂ ಸ್ಪಂದಿಸಿಯೇ ಇಲ್ಲವೋ ಅನ್ನುವುದನ್ನು ಈ 4 ಹೇಳುವುದಿಲ್ಲ. ಅದು ತಿಳಿಯಲು ಒಂದೇ ಒಂದು ಡೋಸ್ ತಗೊಂಡು, 1ರಿಂದ 2 ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಿ. ಮೆಮೊರಿ ಇದ್ದರೆ ಟೈಟರ್ ಸರ್ರನೆ ಏರುತ್ತದೆ. 10 ಅಥವಾ ಹೆಚ್ಚು ಬಂದರೆ ಮುಗಿಯಿತು: ಆರೋಗ್ಯವಂತರಿಗೆ ಮುಂದೆ ಬೂಸ್ಟರೂ ಬೇಡ, ವರ್ಷ ವರ್ಷ ಪರೀಕ್ಷೆಯೂ ಬೇಡ. ರಿಪೋರ್ಟ್ ಜೋಪಾನ.

ಬರದಿದ್ದರೆ ಉಳಿದ ಎರಡು ಡೋಸ್ ಮುಗಿಸಿ. ಪರೀಕ್ಷಿಸಲೆಂದು ತಗೊಂಡ ಆ ಒಂದು ಡೋಸನ್ನೇ (ಚಾಲೆಂಜ್ ಡೋಸ್) ಎರಡನೇ ಸರಣಿಯ ಮೊದಲನೆಯದೆಂದು ಎಣಿಸಿ 0, 1, 6 ತಿಂಗಳು. ನಡುವೆ ತಡವಾದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ.

ಉತ್ತರ 2:
ಎಡವಟ್ಟಾಗುವುದು ಹೆಚ್ಚಾಗಿ ಚುಚ್ಚುವ ಜಾಗದಲ್ಲಿ. ಡೆಲ್ಟಾಯ್ಡ್‌ಗೇ (ತೋಳಿನ ಮೇಲ್ಭಾಗದ ಸ್ನಾಯು) ಕೊಡಿಸಿಕೊಳ್ಳಿ. ಪೃಷ್ಠಕ್ಕೆ ಕೊಟ್ಟರೆ ಲಸಿಕೆ ಸ್ನಾಯು ಮುಟ್ಟದೆ ಕೊಬ್ಬಿನಲ್ಲೇ ಉಳಿದು ಟೈಟರ್ ಕಮ್ಮಿ ಬರುತ್ತದೆ. ದಪ್ಪ ತೋಳಿಗೆ ಉದ್ದ ಸೂಜಿ ಬೇಕು. ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದರಲ್ಲಿನ ಅಲ್ಯೂಮಿನಿಯಂ ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ಅಂಶ) ಗಂಟುಗಂಟಾಗಿ ಲಸಿಕೆಯ ಶಕ್ತಿ ಕುಂದುತ್ತದೆ, ಕರಗಿಸಿದರೂ ಸರಿಹೋಗದು, ಎಸೆಯಬೇಕು.

ಇನ್ನೊಂದು, ಲಸಿಕೆಯಾದ ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ (ವೈರಸ್‌ನ ಹೊರಮೈ ಆಂಟಿಜನ್ ಹುಡುಕಿ ಸೋಂಕು ಪತ್ತೆಮಾಡುವ ಪರೀಕ್ಷೆ) ಮಾಡಿಸಬೇಡಿ. ಲಸಿಕೆಯ ಆಂಟಿಜನ್ನೇ ರಕ್ತದಲ್ಲಿ ಸಿಕ್ಕಿ ಸುಳ್ಳು ಪಾಸಿಟಿವ್ ಬಂದು, ಸುಮ್ಮನೆ ಗಾಬರಿ.

ಪ್ರಶ್ನೆ ಕೇಳಿದವರು:
ಎರಡನೇ ಸರಣಿ ಮುಗಿದ ಮೇಲೂ 10 ದಾಟದಿದ್ದರೆ?

ಉತ್ತರ 1:
ಆಗ ಎಚ್‌ಬಿಎಸ್‌ಎಜಿ ಮತ್ತು ಟೋಟಲ್ ಆಂಟಿ-ಎಚ್‌ಬಿಸಿ (ಸೋಂಕು ಎಂದಾದರೂ ತಗುಲಿತ್ತೇ ಎಂದು ತೋರಿಸುವ ಪ್ರತಿಕಾಯ ಪರೀಕ್ಷೆ) ಎರಡೂ ಬೇಕೇ ಬೇಕು. ಗೊತ್ತೇ ಇಲ್ಲದ ಹಳೆಯ ಸೋಂಕಿನಿಂದಲೂ ಟೈಟರ್ ಏರದೆ ಇರಬಹುದು. ಎರಡೂ ನೆಗೆಟಿವ್ ಆದರೆ ನಾನ್-ರೆಸ್ಪಾಂಡರ್, ಅಂದರೆ ಲಸಿಕೆಗೆ ದೇಹ ಸ್ಪಂದಿಸದವರು. ಪೋಸ್ಟಿಂಗ್ ಬಿಡಬೇಕಾಗಿಲ್ಲ, ಆದರೆ ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಲಸಿಕೆಯನ್ನು ನಂಬಿ ಕೂರುವಂತಿಲ್ಲ. ಹೆಪಟೈಟಿಸ್ ಬಿ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ದೇಹತೂಕದ ಕೆಜಿಗೆ 0.06 ಮಿಲಿ, ಆದಷ್ಟು 24 ಗಂಟೆಯೊಳಗೆ, ತಿಂಗಳ ನಂತರ ಇನ್ನೊಮ್ಮೆ.

ಉತ್ತರ 3:
ಚಾಲೆಂಜ್ ಡೋಸ್ ಫಲಿತಾಂಶ ಬರುವ ಮೊದಲೇ ಸೂಜಿ ಚುಚ್ಚಿದರೆ? ಸೋಪು ನೀರಲ್ಲಿ ತೊಳೆಯಿರಿ, ಗಾಯ ಹಿಂಡಬೇಡಿ, ಆಗಲೇ ವರದಿ ಮಾಡಿ. ರೋಗಿಯ ಎಚ್‌ಬಿಎಸ್‌ಎಜಿ, ನಿಮ್ಮ ಆಂಟಿ-ಎಚ್‌ಬಿಎಸ್ ಅದೇ ದಿನ ಪರೀಕ್ಷೆಗೆ ಹೋಗಲಿ. ರೋಗಿ ಪಾಸಿಟಿವ್ ಆಗಿ ನಿಮ್ಮದು 10ಕ್ಕಿಂತ ಕಮ್ಮಿ ಇದ್ದರೆ ಇಮ್ಯುನೋಗ್ಲಾಬ್ಯುಲಿನ್ ಒಂದು ತೋಳಿಗೆ, ಲಸಿಕೆ ಇನ್ನೊಂದು ತೋಳಿಗೆ. ಇಮ್ಯುನೋಗ್ಲಾಬ್ಯುಲಿನ್ ಆದ ಮೇಲೆ ತಿಂಗಳುಗಟ್ಟಲೆ ಟೈಟರ್ ನೋಡಿ ಪ್ರಯೋಜನವಿಲ್ಲ, ಕಾಣುವುದು ಹೊರಗಿಂದ ಕೊಟ್ಟ ಪ್ರತಿಕಾಯ. ಕನಿಷ್ಠ 6 ತಿಂಗಳು ಬಿಟ್ಟು ಮಾಡಿಸಿ.