ಅಪ್‌ಡೇಟ್: ನಾಯಕ್ ಬಡ್ತಿ ಒಪ್ಪಿಕೊಂಡೆ

ಸೇನೆಯಲ್ಲಿ ಸಿಪಾಯಿಯಾಗಿರೋ ನನಗೆ ನಾಯಕ್ (ಸಿಪಾಯಿಗಿಂತ ಮೇಲಿನ ದರ್ಜೆ) ಬಡ್ತಿ ಬಂದಿದೆ, ಒಪ್ಪಲಾ ಬೇಡವಾ ಅಂತ ಹಿಂದೆ ಕೇಳಿದ್ದೆ. ಒಟ್ಟಿಗೆ ಟ್ರೈನಿಂಗ್ ಮಾಡಿದ ಗೆಳೆಯನಿಗೇ ಆರ್ಡರ್ ಕೊಡಬೇಕಲ್ಲ ಅನ್ನೋ ಮುಜುಗರ. 15 ವರ್ಷ ತುಂಬಿದ ಕೂಡಲೇ ಪೆನ್ಷನ್ ತಗೊಂಡು ಪಾಂಡವಪುರಕ್ಕೆ ಬಂದು ಕಬ್ಬು ನೋಡಿಕೊಳ್ಳೋ ಆಸೆ ಬೇರೆ.

ಒಪ್ಪಿಕೊಂಡೆ. ರಜೆಯಲ್ಲಿ ಬಂದಾಗ, ಹವಾಲ್ದಾರ್ ಆಗಿ ನಿವೃತ್ತರಾದ ನಮ್ಮ ಸೋದರಮಾವ ಆಲೆಮನೆ ಹತ್ತಿರ ಕೂರಿಸಿಕೊಂಡು ಕೇಳಿದರು: "ಬೇಡ ಅಂತ ಬರೆದುಕೊಟ್ಟರೆ ನಾಯಕ್‌ನ ಆ ಎರಡು ಪಟ್ಟಿ ನಿನ್ನ ಜೂನಿಯರ್ ತೋಳಿಗೆ ಹೋಗುತ್ತೆ ಕಣಪ್ಪ. ಅವನ ಮಾತು ಕೇಳೋಕೆ ರೆಡಿನಾ?" ನನಗೆ ಬಾಯಿ ಕಟ್ಟಿತು. ಲೆಕ್ಕವನ್ನೂ ಬಿಡಿಸಿದರು. ಕೊನೆಯ ಸಂಬಳದ ಅರ್ಧ ತಾನೇ ಪೆನ್ಷನ್, ಸಂಬಳ ಏರಿದರೆ ಅದೂ ಏರುತ್ತೆ. ಸಿಪಾಯಿಗಿಂತ ನಾಯಕ್‌ಗೆ ಸರ್ವಿಸ್ ವರ್ಷಗಳೂ ಜಾಸ್ತಿ. ಕಬ್ಬು ಎಲ್ಲಿಗೂ ಓಡಿಹೋಗಲ್ಲ ಅಂದರು. (ಕೆಆರ್‌ಎಸ್ ನೀರಿನ ಮಾತು ಬೇರೆ ಬಿಡಿ!)

ಗೆಳೆಯನಿಗೆ ನಾನೇ ಫೋನ್ ಮಾಡಿ ಹೇಳಿದೆ. "ಡ್ಯೂಟೀಲಿ ಉಸ್ತಾದ್ ಅಂತೀನಿ, ಬ್ಯಾರಕ್‌ನಲ್ಲಿ ಅದೇ ಲೋ, ಬಾರೋ" ಅಂತ ನಕ್ಕ. ಅಷ್ಟು ದಿನ ಸುಮ್ನೆ ತಲೆ ಕೆಡಿಸಿಕೊಂಡಿದ್ದು ಇದಕ್ಕೇ ಅಲ್ವಾ?

ಹೆಂಡತಿಗೆ ಮಾತ್ರ ಇನ್ನೂ ಮುನಿಸಿದೆ. ಊರಿಗೆ ವಾಪಸ್ ಬರೋದು ಮುಂದಕ್ಕೆ ಹೋಯಿತಲ್ಲ. ಫ್ಯಾಮಿಲಿ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿದ್ದೇನೆ.