ಅಪ್‌ಡೇಟ್: ಕೊನೆಗೂ 8×42 ಮಾನೊಕ್ಯುಲರ್ ತಗೊಂಡೆ

ಹಕ್ಕಿ ನೋಡೋಕೆ ಒಳ್ಳೇ ಮಾನೊಕ್ಯುಲರ್ (ಒಂದೇ ಕಣ್ಣಿಂದ ನೋಡುವ ಪುಟ್ಟ ದುರ್ಬೀನು) ಯಾವುದು, ಜೇಬಿಗೆ ಹಿಡಿಸುವ 10×25 ಸಾಕಾ ಅಂತ ಹೋದ ತಿಂಗಳು ಕೇಳಿದ್ದೆ. ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಎಡಗಣ್ಣು ಸರಿಯಾಗಿ ಕಾಣದ ಕಾರಣ ಬೈನಾಕ್ಯುಲರ್ ಬೇಡ ಅಂದಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಹಾಗೇ ಅಂಗಡಿಯಲ್ಲಿ ಎರಡನ್ನೂ ಕಣ್ಣಿಂದ ಒಂದಡಿ ದೂರ ಹಿಡಿದು ನೋಡಿದೆ. ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಚುಕ್ಕೆ ಕಾಣುತ್ತೆ ಅಲ್ವಾ, 10×25ರಲ್ಲಿ ಅದು ಬರೀ 2.5 ಮಿ.ಮೀ. 8×42ರಲ್ಲಿ, 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ದುಪ್ಪಟ್ಟಿಗಿಂತ ಜಾಸ್ತಿ! ಚುಕ್ಕೆ ದೊಡ್ಡದಿದ್ದರೆ ಮಬ್ಬು ಬೆಳಕಲ್ಲೂ ಚೆನ್ನಾಗಿ ಕಾಣುತ್ತೆ. ಅಗ್ಗದ ಒಂದು 8×42ರಲ್ಲಿ ಆ ಚುಕ್ಕೆಯ ಅಂಚು ಚೌಕಾಕಾರದಲ್ಲಿ ಮಬ್ಬಾಗಿತ್ತು. ಬ್ಯಾಕ್-4 ಅನ್ನೋ ಉತ್ತಮ ಗಾಜಿನ ಪ್ರಿಸಂ ಇದ್ದದ್ದರಲ್ಲಿ ಪೂರ್ತಿ ದುಂಡಗಿತ್ತು. ಅದನ್ನೇ ತಂದೆ.

ಮೊನ್ನೆ ಬೆಳಗ್ಗೆ ಬೇಗ ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆದರೂ ಹುಣಸೆ ಮರದ ತುದಿಯಲ್ಲಿ ಕೂತ ಹೆಜ್ಜಾರ್ಲೆಯ (ಪೆಲಿಕನ್) ಮೇಲ್ಗೊಕ್ಕಿನ ಅಂಚಿನ ಚುಕ್ಕೆಗಳು ಒಂದೊಂದಾಗಿ ಕಂಡವು. ಇಷ್ಟು ವರ್ಷ ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ. ತುಂಬಾ ಹೊತ್ತು ಸುಮ್ನೆ ನಿಂತುಬಿಟ್ಟೆ.

ಕನ್ನಡಕ ಹಾಕೋರು ರಬ್ಬರ್ ಕಪ್ ಕೆಳಗಿಳಿಸಿ ನೋಡಿ, ಐ ರಿಲೀಫ್ (ಪೂರ್ತಿ ದೃಶ್ಯ ಕಾಣೋಕೆ ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು ಅನ್ನೋದು) 15 ಮಿ.ಮೀ.ಗಿಂತ ಕಡಿಮೆ ಇರೋದು ಬೇಡ. 10 ಪಟ್ಟಿನದು ಒಂದೇ ಕೈಯಲ್ಲಿ ಹಿಡಿದರೆ ನನಗೆ ಬಹಳ ನಡುಗುತ್ತಿತ್ತು, 8 ಹಿತವಾಗಿದೆ. ಹಾರುವ ಹಕ್ಕಿಯನ್ನು ಹಿಂಬಾಲಿಸೋದು ಮಾತ್ರ ಇನ್ನೂ ಕಷ್ಟ, ಅಭ್ಯಾಸ ಮಾಡ್ತಿದ್ದೀನಿ. ಮುಂದಿನ ವಾರ ರಂಗನತಿಟ್ಟು.