“ಅವರು ಇನ್ನೂ ಬಂದಿಲ್ವಾ?” ಅತ್ತೆ ಕೇಳಿದರೆ ಏನು ಹೇಳಲಿ?

ಸಾಗರದ ಸೊಸೆ:
ನಮ್ಮತ್ತೆಗೆ 78. ಮರೆವಿನ ಕಾಯಿಲೆ ಅಂತ ಡಾಕ್ಟರ್ ಹೇಳಿ ಮೂರು ವರ್ಷವಾಯ್ತು. ಮಾವ ತೀರಿಕೊಂಡದ್ದು 2016ರಲ್ಲಿ. ಆದರೆ ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೆರಗು ಸರಿಮಾಡಿಕೊಂಡು, ಎಲೆಯಡಿಕೆ ಡಬ್ಬಿ ಹಿಡಿದು ದಣಪೆ, ಅಂದರೆ ಬೇಲಿ ಗೇಟಿನ ಹತ್ತಿರ ಹೋಗಿ ನಿಲ್ತಾರೆ. “ಅವರು ಇನ್ನೂ ಬಂದಿಲ್ವಾ?” ನಾನು “ಅಡಿಕೆ ಮಂಡಿಗೆ ಹೋಗಿದ್ದಾರೆ, ತಡ ಆಗ್ತದಂತೆ, ನೀವು ಊಟ ಮಾಡಬೇಕಂತೆ” ಅಂತೇನೆ. ಒಳಗೆ ಬರ್ತಾರೆ. ಹಬ್ಬಕ್ಕೆ ಬಂದ ಭಾವ ಇದನ್ನು ಕೇಳಿ, ಅಮ್ಮನಿಗೆ ಸುಳ್ಳು ಹೇಳ್ತೀಯಾ ಅಂತ ರೇಗಿದರು. ತಾವೇ ಹೋಗಿ “ಅಪ್ಪಯ್ಯ ಹೋಗಿ ಎಷ್ಟು ವರ್ಷವಾಯ್ತಮ್ಮಾ” ಅಂದರು. ಅತ್ತೆ ಅವತ್ತು ಅತ್ತ ಹಾಗೇ ಅತ್ತರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ದಣಪೆ ಹತ್ತಿರ. ನೋಡಿಕೊಳ್ಳುವವರು ಯಾರಾದರೂ ಇದ್ದರೆ ಹೇಳಿ, ನಾನು ಹೇಳೋದು ತಪ್ಪಾ?

ನೇರ ನುಡಿ:
ತಪ್ಪು. ಕಾಯಿಲೆಯವರು ಅಂದಮಾತ್ರಕ್ಕೆ ಅವರಿಗೆ ಸತ್ಯ ತಿಳಿಯುವ ಹಕ್ಕಿಲ್ಲವೇ? ನಿಮ್ಮ ಭಾವನವರು ಮಾಡಿದ್ದು ಸರಿ. ಮಾವನವರ ಫೋಟೊಗೆ ಹಾರ ಹಾಕಿ ಎದುರಿಗೇ ಇಡಿ, ದಿನಾ ಕಂಡರೆ ತಾನಾಗಿ ಮನಸ್ಸಿಗೆ ಇಳಿಯುತ್ತೆ. ನಾನು 31 ವರ್ಷ ಮೇಷ್ಟ್ರಾಗಿದ್ದವನು, ಪುನರಾವರ್ತನೆಯಿಂದ ಕಲಿಯದ ಮಗುವನ್ನು ನೋಡಿಲ್ಲ.

ವಾರ್ಡ್ ಅಕ್ಕ:
ಮೇಷ್ಟ್ರೇ, ಇದು ಮಗ್ಗಿ ಅಲ್ಲ. ಮೆದುಳಲ್ಲಿ ಹೊಸದನ್ನು ದಾಖಲಿಸಿಕೊಳ್ಳುವ ಜಾಗ, ಹಿಪ್ಪೊಕ್ಯಾಂಪಸ್, ಮರೆವಿನ ಕಾಯಿಲೆ ಆಲ್ಝೈಮರ್ಸ್‌ನಲ್ಲಿ ಕೆಡೋದೇ ಮೊದಲು. ನೀವು ನೂರು ಸಲ ಹೇಳಿದರೆ ಅವರು ನೂರು ಸಲವೂ ಮೊದಲ ಸಲ ಕೇಳ್ತಾರೆ. ಮಾತು ಮರೆಯುತ್ತೆ, ಸಂಕಟ ಮಾತ್ರ ಉಳಿಯುತ್ತೆ. ಯಾಕೆ ಅಳ್ತಿದ್ದೀನಿ ಅಂತ ಗೊತ್ತಿಲ್ಲದೆ ರಾತ್ರಿಯಿಡೀ ಅತ್ತವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೀನಿ.
ಸಾಗರದ ತಂಗೀ, ಸುಳ್ಳೂ ಬೇಡ, ಸತ್ಯವೂ ಬೇಡ. “ಯಜಮಾನರ ನೆನಪಾಯ್ತಾ? ಅವರಿಗೆ ಏನು ಅಡುಗೆ ಇಷ್ಟ?” ಅಂತ ಮಾತಿಗೆ ಎಳೀರಿ. ಸಂಜೆ ಹೊತ್ತು ಗಲಿಬಿಲಿ ಜಾಸ್ತಿ ಆಗೋದು ಈ ಕಾಯಿಲೆಯಲ್ಲಿ ಮಾಮೂಲು, ಕತ್ತಲಾಗುವ ಮೊದಲೇ ಲೈಟ್ ಹಾಕಿ. ಇದ್ದಕ್ಕಿದ್ದಂತೆ ವಿಪರೀತವಾದರೆ ಮೂತ್ರದ ಸೋಂಕು ಇದೆಯಾ ನೋಡಿಸಿ. ಬಿ12, ಥೈರಾಯ್ಡ್ ಪರೀಕ್ಷೆ ಆಗಿದೆಯಾ?

ಕರಾವಳಿ ಕಾಗೆ:
ಬಿ12 ಅಂತೆ! ಗದ್ದೆ ಬದುವಲ್ಲಿ ಬೇಕಾದಷ್ಟು ತಿಮರೆ ಉಂಟು, ಇವರಿಗೆ ಇಂಜೆಕ್ಷನ್ನೇ ಆಗಬೇಕು. ತಿಮರೆ ಹೇಳಿದ್ರೆ ನಿಮ್ಮ ಒಂದೆಲಗ, ಅದೇ ಬ್ರಾಹ್ಮಿ ಮಾರಾಯ್ರೆ. ದಿನಾ ಬೆಳಿಗ್ಗೆ ಹತ್ತು ಎಲೆ ಮಜ್ಜಿಗೆಯಲ್ಲಿ ಅರೆದು ತಂಬುಳಿ ಮಾಡಿ ಕೊಡಿ. ನಮ್ಮ ಅಜ್ಜಿ 94 ವರ್ಷಕ್ಕೂ ಯಾರು ಎಷ್ಟು ತೆಂಗಿನಕಾಯಿ ಸಾಲ ತಗೊಂಡಿದ್ದಾರೆ ಅಂತ ಲೆಕ್ಕ ಹೇಳ್ತಿದ್ರು.

ಗಿಡಮೂಲಿಕೆ ಗಣಪ:
ತಿದ್ದುಪಡಿ. ಒಂದೆಲಗ ಬ್ರಾಹ್ಮಿ ಅಲ್ಲ. ಒಂದೆಲಗ ಎಂದರೆ ಮಂಡೂಕಪರ್ಣಿ, ಸಸ್ಯಶಾಸ್ತ್ರದಲ್ಲಿ ಸೆಂಟೆಲಾ ಏಷ್ಯಾಟಿಕಾ. ಬ್ರಾಹ್ಮಿ ಎಂದರೆ ನೀರು ಬ್ರಾಹ್ಮಿ, ಬಕೋಪಾ ಮೊನಿಯೇರಿ. ದಪ್ಪ ಪುಟ್ಟ ಎಲೆ, ಜೌಗಿನಲ್ಲಿ ಬೆಳೆಯುತ್ತದೆ. ಕುಟುಂಬವೇ ಬೇರೆ ಬೇರೆ.

ಕರಾವಳಿ ಕಾಗೆ:
ನಮ್ಮಲ್ಲಿ ತಲೆತಲಾಂತರದಿಂದ ಇದಕ್ಕೇ ಬ್ರಾಹ್ಮಿ ಹೇಳುವುದು. ನಿಮ್ಮ ಲ್ಯಾಟಿನ್ ಹೆಸರು ನೋಡಿ ಗಿಡ ಹುಟ್ಟಿದ್ದಾ?

ಗಿಡಮೂಲಿಕೆ ಗಣಪ:
ನಿಮ್ಮಲ್ಲಿಂದ ಗಡಿ ದಾಟಿ ಕೇರಳಕ್ಕೆ ಹೋಗಿ ಬ್ರಾಹ್ಮಿ ಕೇಳಿ, ಬಕೋಪಾವನ್ನೇ ಕೊಡುತ್ತಾರೆ. ತಲೆತಲಾಂತರದ ತಪ್ಪೂ ತಪ್ಪೇ. ನಿಮ್ಮ ಅಜ್ಜಿಗೆ ತೆಂಗಿನಕಾಯಿ ಲೆಕ್ಕ ಗೊತ್ತಿತ್ತು, ಒಪ್ಪಿದೆ. ಸಸ್ಯಶಾಸ್ತ್ರ ಗೊತ್ತಿರಲಿಲ್ಲ.

ಕರಾವಳಿ ಕಾಗೆ:
ಅಜ್ಜಿ ಸುದ್ದಿಗೆ ಬರಬೇಡಿ. ಎಚ್ಚರಿಕೆ ಹೇಳ್ತಾ ಇದ್ದೇನೆ.

ನೇರ ನುಡಿ:
ವಾರ್ಡ್ ಅಕ್ಕ “ಸುಳ್ಳೂ ಬೇಡ” ಎಂದಿದ್ದಾರೆ, ಗಮನಿಸಿ. ಅಂದರೆ ನನ್ನ ವಾದ ಒಪ್ಪಿದಂತಾಯಿತು. ಅಂದಹಾಗೆ ಎರಡು ಭಾಷೆ ಬಲ್ಲವರಿಗೆ ಈ ಕಾಯಿಲೆ ಬರುವುದೇ ಇಲ್ಲ ಎಂದು ಹೈದರಾಬಾದಿನಲ್ಲಿ ಅಧ್ಯಯನವೇ ಆಗಿದೆ. ನಾನು ಈ ವಯಸ್ಸಿನಲ್ಲಿ ತಮಿಳು ಕಲಿಯುತ್ತಿದ್ದೇನೆ.

ವಾರ್ಡ್ ಅಕ್ಕ:
“ಸತ್ಯವೂ ಬೇಡ” ಅಂದದ್ದು ಕಾಣಲಿಲ್ಲವಾ? ಇನ್ನು 2013ರ ಆ ಅಧ್ಯಯನ ಬರೋದಿಲ್ಲ ಅಂತ ಎಲ್ಲೂ ಹೇಳಿಲ್ಲ. ನೋಡಿದ್ದೇ 648 ರೋಗಿಗಳನ್ನ, ಎಲ್ಲರಿಗೂ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿತ್ತು. ಎರಡು ಭಾಷೆಯವರಿಗೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂತು, ಅಷ್ಟೇ.

ನೇರ ನುಡಿ:
ತಡವಾಗಿ ಬಂದರೂ ಲಾಭವೇ ಅಲ್ಲವೇ.

ಧಾರವಾಡದಾಂವ:
ಏನ್ರೀಪಾ ನೀವು, ಅಲ್ಲಿ ಮುದುಕಿ ದಿನಾ ಸಂಜೀ ಮುಂದ ಬಾಗಲಾ ಕಾಯಾಕತ್ತಾಳ, ನೀವು ಇಲ್ಲಿ ಎಲಿ ಹಿಡ್ಕೊಂಡ ಜಗಳಾಡಾಕತ್ತೀರಿ. ನಮ್ಮವ್ವನ್ನ ಆರು ವರ್ಷ ಮನ್ಯಾಗ ನೋಡ್ಕೊಂಡೀವಿ. ರಾತ್ರಿ ಎರಡಕ್ಕ ಎದ್ದು ಗ್ಯಾಸ್ ಹಚ್ಚಿ ಖಾಲಿ ಬೋಗಾಣಿ ಇಡ್ತಿದ್ಲು, ಅಪ್ಪಗ ಚಾ ಅಂತ. ರೆಗ್ಯುಲೇಟರ್ ಬಿಚ್ಚಿ ನನ್ನ ತಲಿದಿಂಬಿನ ಬುಡಕ ಇಟ್ಕೊಂಡ ಮಲಗ್ತಿದ್ದೆ. ನನ್ನ ಹೆಂಡ್ತಿಗೆ ಬಿಪಿ ಸುರು ಆತು. ಕಡೀಕ ಆರೈಕೆ ಕೇಂದ್ರದಾಗ ಇಟ್ಟೀವಿ. ವಾರಕ್ಕ ಎರಡ ಸಲ ಹೋಗ್ತೀನಿ. ತಂಗೀ, ನಿನಗ ಸುಸ್ತಾದ್ರ ಸುಸ್ತಾಗೇದ ಅಂತ ಹೇಳು, ಅದು ಪಾಪ ಅಲ್ಲ.

ನೇರ ನುಡಿ:
“ಕೇಂದ್ರದಾಗ ಇಟ್ಟೀವಿ.” ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ! ಹೆತ್ತವರನ್ನು ಬಿಟ್ಟುಬಿಟ್ಟರೆ ಮೂರು ತಿಂಗಳವರೆಗೆ ಜೈಲು ಎಂದು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿದೆ, ಓದಿಕೊಳ್ಳಿ.

ಧಾರವಾಡದಾಂವ:
ಮೇಷ್ಟ್ರ, ನೀವು ಯಾರ ಮಲಾ ತೊಳದೀರಿ? ಒಂದ ಸಲ? ಹೇಳ್ರಿ ನೋಡೋಣು. ಕಾಯ್ದೆ ಆಮ್ಯಾಲೆ ಹೇಳ್ರಂತ.

ನೇರ ನುಡಿ:
ವೈಯಕ್ತಿಕ ನಿಂದನೆಗೆ ಉತ್ತರಿಸುವುದಿಲ್ಲ. ನನ್ನ ತಾಯಿಯನ್ನು ಕೊನೆಯವರೆಗೂ ನಮ್ಮ ಮನೆಯಲ್ಲೇ ನೋಡಿಕೊಂಡೆವು.

ಮನೆ ಸೊಸೆ ನಂ. 2:
“ನೋಡಿಕೊಂಡೆವು” ಅಂದರೆ ಯಾರು ಸಾರ್? ನೀವಾ, ನಿಮ್ಮ ಮನೆಯವರಾ?

ನೇರ ನುಡಿ:
ಮನೆಯವರೆಲ್ಲರೂ.

ಮನೆ ಸೊಸೆ ನಂ. 2:
ಗೊತ್ತಾಯ್ತು.

ವಾರ್ಡ್ ಅಕ್ಕ:
ಕಾಯ್ದೆಯ 24ನೇ ಕಲಂ ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವವರಿಗೆ. ದುಡ್ಡು ಕೊಟ್ಟು ಆರೈಕೆಗೆ ಸೇರಿಸಿ ವಾರಕ್ಕೆರಡು ಸಲ ಹೋಗಿ ನೋಡುವವರಿಗಲ್ಲ. ಭಯ ಹುಟ್ಟಿಸಬೇಡಿ ಮೇಷ್ಟ್ರೇ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನೋ ಅಂದಾಜು 2023ರಲ್ಲಿ ಬಂದಿದೆ. ಇಷ್ಟು ಜನರ ಹಿಂದೆ ರಾತ್ರಿ ನಿದ್ದೆಗೆಟ್ಟವರು ಎಷ್ಟಿರಬೇಕು?

ನೇರ ನುಡಿ:
ಅಂದರೆ ನೂರಕ್ಕೆ 92 ಜನಕ್ಕೆ ಇಲ್ಲ. ಅದನ್ನೇಕೆ ಹೇಳುವುದಿಲ್ಲ?

ಗಿಡಮೂಲಿಕೆ ಗಣಪ:
ಚರ್ಚೆ ಹಳಿ ತಪ್ಪುತ್ತಿದೆ. ಬ್ರಾಹ್ಮಿ ವಿಷಯ ಇತ್ಯರ್ಥವಾಗಿಲ್ಲ. ಚರಕ ಸಂಹಿತೆಯಲ್ಲಿ ಮೇಧ್ಯ ರಸಾಯನ, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದು, ಎಂದು ನಾಲ್ಕನ್ನು ಹೇಳಿದೆ: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಆ ಪಟ್ಟಿಯಲ್ಲಿ ಬ್ರಾಹ್ಮಿ ಎಂಬ ಹೆಸರೇ ಇಲ್ಲ ಎಂಬುದನ್ನು ಗಮನಿಸಿ.

ಕರಾವಳಿ ಕಾಗೆ:
ಒಂದು ನಿಮಿಷ. ಮಂಡೂಕಪರ್ಣಿ ಹೇಳಿದ್ರೆ ಒಂದೆಲಗ, ನೀವೇ ಹೇಳಿದ್ದು. ಹಾಗಾದ್ರೆ ಚರಕ ಹೇಳಿದ್ದು ನಮ್ಮ ತಿಮರೆಯನ್ನೇ! ಅಜ್ಜಿಗೆ ಕ್ಷಮೆ ಕೇಳಿ ಈಗ.

ಗಿಡಮೂಲಿಕೆ ಗಣಪ:
ನನ್ನ ಆಕ್ಷೇಪ ಹೆಸರಿನ ಬಗ್ಗೆ, ಗುಣದ ಬಗ್ಗೆ ಅಲ್ಲ. ಮೇಧೆಗೆ ಒಳ್ಳೆಯದು ಎನ್ನುವುದಕ್ಕೂ ಸತ್ತ ನರಕೋಶ ಬದುಕುತ್ತದೆ ಎನ್ನುವುದಕ್ಕೂ ಅಜಗಜಾಂತರ.

ಕರಾವಳಿ ಕಾಗೆ:
ಸೋತಾಗ ನರಕೋಶ ನೆನಪಾಗ್ತದೆ.

ಸಾಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ಒಂದೆಲಗದ ತಂಬುಳಿ ನಮ್ಮತ್ತೆ ಈ ಮನೆಗೆ ಬಂದಾಗಿನಿಂದ ಮಾಡಿದವರು. ನನಗೆ ಕಲಿಸಿದ್ದೂ ಅವರೇ. ಐವತ್ತು ವರ್ಷ ಬಡಿಸಿದ್ದಾರೆ, ತಾವೂ ಉಂಡಿದ್ದಾರೆ. ಈಗ ಬಟ್ಟಲಲ್ಲಿ ಹಾಕಿಕೊಟ್ಟರೆ ಇದೆಂತದು ಅಂತ ಕೇಳ್ತಾರೆ.
ಮೇಷ್ಟ್ರೇ, ಹಾರ ಹಾಕಿದ ಫೋಟೊ ಇತ್ತು. “ಬದುಕಿದ್ದವರಿಗೆ ಯಾಕೆ ಹಾರ ಹಾಕಿದ್ದೀರಿ, ಅಪಶಕುನ” ಅಂತ ಕುರ್ಚಿ ಹತ್ತಿ ಕೀಳಲಿಕ್ಕೆ ಹೋಗಿ ಬಿದ್ದರು. ಅವತ್ತೇ ತೆಗೆದೆವು.
ಅಕ್ಕ ಹೇಳಿದ ಹಾಗೆ ಮಾತಿಗೆಳೆದು ನೋಡಿದೆ. ಎರಡು ದಿನ ಆಯ್ತು, ಮೂರನೇ ದಿನ “ನೀನು ಮಾತು ಮರೆಸ್ತಿದ್ದೀಯ” ಅಂದರು. ಹಾಗಾಗಿ ಕೈಗೆ ಕೆಲಸ ಕೊಡ್ತೇನೆ. ಅಡಿಕೆ ಸುಲಿಯುವ ಕತ್ತಿ ಕೇಳ್ತಾರೆ, ಅದನ್ನು ಅಟ್ಟದ ಮೇಲೆ ಅಡಗಿಸಿಟ್ಟಿದ್ದೇನೆ. ಅದರ ಬದಲು ಹೆಸರುಕಾಳು, ಹುರುಳಿ ಬೆರೆಸಿ ಮೊರದಲ್ಲಿ ಕೊಡ್ತೇನೆ. ಒಂದು ಕಾಳು ತಪ್ಪದ ಹಾಗೆ ಬೇರೆ ಮಾಡ್ತಾರೆ. ಅವರು ಮಲಗಿದ ಮೇಲೆ ಮತ್ತೆ ಬೆರೆಸಿಡ್ತೇನೆ.

ನೇರ ನುಡಿ:
ಇದೂ ಒಂದು ಬಗೆಯ ಮೋಸವೇ ಆಯಿತಲ್ಲ?

ಧಾರವಾಡದಾಂವ:
ನಮಸ್ಕಾರ ಮೇಷ್ಟ್ರ. ನಾ ಹೊಂಟೆ.

ಮನೆ ಸೊಸೆ ನಂ. 2:
ಸಾಗರದವರೇ, ನಿಮ್ಮ ಭಾವ ಹಬ್ಬಕ್ಕೆ ಬಂದವರು ಎಷ್ಟು ದಿನ ಇದ್ದರು?

ಸಾಗರದ ಸೊಸೆ:
ಮೂರು ದಿನ. ಎರಡನೇ ದಿನ ಸಂಜೆ ಪೇಟೆಗೆ ಹೋಗಿದ್ದರು.

ವಾರ್ಡ್ ಅಕ್ಕ:
14567 ಹಿರಿಯರ ಸಹಾಯವಾಣಿ, ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯವರು ವಾರಕ್ಕೊಂದು ಸಂಜೆಯಾದರೂ ಅತ್ತೆ ಹತ್ತಿರ ಕೂರ್ತಾರಾ? ಕೂರಿಸಿ. ಮಾತಿಗೆಳೆಯೋದನ್ನು ಬಿಡಬೇಡಿ, ಎರಡು ದಿನಕ್ಕೆ ಕೈಬಿಟ್ಟರೆ ಹೇಗೆ?

ಕರಾವಳಿ ಕಾಗೆ:
ತಂಬುಳಿ ನೀವು ಕುದಿಸ್ತೀರಾ, ಹಸಿಯಾ? ಕುದಿಸಿದರೆ ಸತ್ವ ಹೋಗ್ತದೆ, ಅದಕ್ಕೇ ಕೆಲಸ ಮಾಡ್ಲಿಲ್ಲ ಕಾಣ್ತದೆ.

ಸಾಗರದ ಸೊಸೆ:
ಹಸಿಯೇ ಅಣ್ಣ. ಆರೂಕಾಲು ಆಯ್ತು, ದಣಪೆ ಸದ್ದು ಕೇಳ್ತಿದೆ. ಆಮೇಲೆ ನೋಡ್ತೇನೆ.

ಗಿಡಮೂಲಿಕೆ ಗಣಪ:
ಹಸಿಯೋ ಬೆಂದದ್ದೋ ಆಮೇಲೆ. ಬಿಡುವಾದಾಗ ಎಲೆಯ ಫೋಟೊ ಹಾಕಿ. ಅಂಚು ಸ್ಪಷ್ಟವಾಗಿ ಕಾಣುವ ಹಾಗಿರಲಿ.